ತಾರೀಖು ಬರೆದ ಕಲ್ಲು

ನನ್ನ ಮೇಜಿನ ಕಂಪ್ಯೂಟರಿನಲ್ಲಿ ಮೂರು ಉತ್ತರಗಳು ಸದಾ ಸಿದ್ಧವಾಗಿರುತ್ತಿದ್ದವು. ಒಂದನೆಯದು, ‘ನಿಮ್ಮ ಪತ್ರ ತಲುಪಿದೆ, ಸಂಬಂಧಪಟ್ಟ ಇಲಾಖೆಗೆ ಕಳುಹಿಸಲಾಗಿದೆ.’ ಎರಡನೆಯದು, ‘ನಿಮ್ಮ ಊರಿನ ಸಂಕಷ್ಟವನ್ನು ನಾನೇ ಬಂದು ಕಣ್ಣಾರೆ ಕಂಡಿದ್ದೇನೆ. ಈ ಸರ್ಕಾರ ಕುರುಡಾದರೂ ನಾವು ಕುರುಡರಲ್ಲ.’ ಮೂರನೆಯದು ಮದುವೆಗೆ, ಸಾವಿಗೆ. ಒಂದು ಸಾಲು ಬದಲಿಸಿದರೆ ಎರಡಕ್ಕೂ ನಡೆಯುತ್ತಿತ್ತು. ನಾಶಿಕದ ಪಂಚವಟಿಯಲ್ಲಿ ತಾಮ್ರದ ಪಾತ್ರೆ ಮಾರುವ ಅಂಗಡಿಯ ಮೇಲೆ ವಿರೋಧ ಪಕ್ಷದ ಒಬ್ಬ ಶಾಸಕರ ಜನಸಂಪರ್ಕ ಕಚೇರಿ ಇತ್ತು. ಅಲ್ಲಿಗೆ ಬಂದ ಕಾಗದಗಳಿಗೆ ಉತ್ತರ ಕಳಿಸುವುದು ಬೀದರ ಜಿಲ್ಲೆಯವನಾದ ನನ್ನ ಕೆಲಸ.

ಕಾಗದ ಬಂದ ಕೂಡಲೇ ಆವಕ ರಜಿಸ್ಟರಿನಲ್ಲಿ ಏರಿಸಿ ನಂಬರು ಹಾಕಬೇಕು. ಮೇಲಿನ ಬಲ ಮೂಲೆಗೆ ತಾರೀಖಿನ ಠಸ್ಸೆ. ಆಮೇಲೆ ಪೆನ್ಸಿಲಿನಿಂದ ಒಂದು, ಎರಡು, ಮೂರು ಎಂದು ಬರೆದರೆ ಮುಗಿಯಿತು. ಸಂಜೆಯೊಳಗೆ ಆ ನಂಬರಿನ ಉತ್ತರ ಲೆಟರ್‌ಹೆಡ್ ಮೇಲೆ ಮುದ್ರಣವಾಗಿ, ಸಹಿಯ ರಬ್ಬರ್ ಠಸ್ಸೆ ಬಿದ್ದು, ಅಂಚೆಗೆ ಹೋಗುತ್ತಿತ್ತು. ಸಾಹೇಬರು ಕಾಗದ ಓದಿದ್ದನ್ನು ನಾನು ಕಂಡಿದ್ದು ಒಮ್ಮೆ ಮಾತ್ರ, ಅದೂ ಅವರ ಸೋದರಳಿಯ ಬರೆದದ್ದು. ಯಾವ ಪತ್ರವೂ ಮೂರು ದಿನಕ್ಕಿಂತ ಹೆಚ್ಚು ನನ್ನಲ್ಲಿ ಉಳಿಯುವುದಿಲ್ಲ ಎಂದು ನಾನು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಂಥ ಉತ್ತರ ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ.

ಸಟಾಣಾ ತಾಲ್ಲೂಕಿನ ಒಂದು ಸಣ್ಣ ವಸ್ತಿಯಿಂದ ಅಂಗನವಾಡಿ ಕಾರ್ಯಕರ್ತೆಯೊಬ್ಬರು ಬರೆದ ಪತ್ರ ಬಂದದ್ದು ಹೀಗೆಯೇ, ಉಳಿದವುಗಳ ನಡುವೆ. ವಸ್ತಿಯ ಹಿಂದಿನ ಗುಡ್ಡದಲ್ಲಿ ಕಲ್ಲುಗಣಿ. ಬೆಳಗಿನ ಹನ್ನೊಂದಕ್ಕೆ ಸೈರನ್ ಕೂಗಿಸಿ ಮದ್ದು ಹಾರಿಸುತ್ತಾರೆ. ಅದೇ ಹೊತ್ತಿಗೆ ಮಕ್ಕಳು ಖಿಚಡಿ ಉಣ್ಣಲು ಕೂಡುತ್ತವೆ. ಸಿಡಿದ ಕಲ್ಲು ತಗಡಿನ ಮಾಡನ್ನು ತೂರಿ ಒಳಗೆ ಬೀಳುತ್ತದೆ. ‘ಗಣಿ ಮುಚ್ಚಿಸಿ ಎಂದು ನಾನು ಕೇಳುವುದಿಲ್ಲ. ಹತ್ತರಿಂದ ಒಂದರವರೆಗೆ ಹಾರಿಸಬೇಡಿ ಎಂದು ಹೇಳಿ, ಸಾಕು’ ಎಂದು ಬರೆದಿದ್ದರು. ನಾನು ಮೂಲೆಯಲ್ಲಿ ‘ಎರಡು’ ಎಂದು ಬರೆದೆ. ಅವರು ಮತ್ತೆ ಬರೆದರು. ಮತ್ತೆ ಎರಡು. ಮೂರನೆಯ ಸಲವೂ ಎರಡು.

ಇಲ್ಲಿ ನನ್ನ ಗೆಳೆಯನ ವಿಷಯ ಹೇಳಲೇಬೇಕು. ಅವನೂ ನಮ್ಮ ಬೀದರ ಕಡೆಯವನೇ. ಸಂಭಾಜಿನಗರದಲ್ಲಿ ಇನ್ನೊಂದು ವಿರೋಧ ಪಕ್ಷದ ನಾಯಕರ ಕಚೇರಿಯಲ್ಲಿ ನನ್ನದೇ ಕೆಲಸ ಮಾಡುತ್ತಿದ್ದ. ನಮ್ಮ ಪಕ್ಷಕ್ಕೂ ಅವನ ಪಕ್ಷಕ್ಕೂ ಎಣ್ಣೆ ಸೀಗೆಕಾಯಿ. ಸರ್ಕಾರವನ್ನು ಬೈದದ್ದಕ್ಕಿಂತ ಒಬ್ಬರನ್ನೊಬ್ಬರು ಬೈದದ್ದೇ ಹೆಚ್ಚು. ಆದರೆ ಗೆಳೆಯ ಒಮ್ಮೆ ಫೋನಿನಲ್ಲಿ, “ನಿನ್ನ ಮಸುದೆ ಕಳಸೋ ಮಾರಾಯಾ, ನಂಗ ಬರಿಯೋದು ಸಾಕಾಗ್ಯಾದ” ಅಂದ. ನಾನು ಮೂರೂ ಉತ್ತರಗಳ ಕರಡನ್ನು ವಾಟ್ಸ್‌ಆಪಿನಲ್ಲಿ ಕಳಿಸಿಬಿಟ್ಟೆ. ಅವನು ಹೆಸರು ಮಾತ್ರ ಬದಲಿಸಿಕೊಂಡ. ಎರಡು ಪಕ್ಷಗಳ ನಡುವೆ ಆಗಿದ್ದ ಒಂದೇ ಒಂದು ಒಪ್ಪಂದವೆಂದರೆ ಅದು, ಪಾಪ ನಾಯಕರಿಗೆ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಆ ಅಂಗನವಾಡಿ ಕಾರ್ಯಕರ್ತೆ, ಅಲ್ಲಿನವರು ಗೌರವದಿಂದ ಕರೆಯುವಂತೆ ಬಾಯಿಯವರು, ಮಹಡಿ ಹತ್ತಿ ಬಂದು ನನ್ನ ಕೀಬೋರ್ಡಿನ ಮೇಲೆ ಒಂದು ಕಲ್ಲು ಇಟ್ಟರು. ತೆಂಗಿನಕಾಯಿಯ ಅರ್ಧದಷ್ಟಿತ್ತು, ಅಂಚು ಕುಡುಗೋಲಿನಂತೆ. ಅದರ ಮೇಲೆ ಬಿಳಿ ಬಣ್ಣದಲ್ಲಿ ತಾರೀಖು. ಕೆಳಗೆ, ‘ಮಂಗಳವಾರ, ಹನ್ನೊಂದು ಹೊಡೆದು ಐದು ನಿಮಿಷ, ನೀರಿನ ಕೊಡದ ಹತ್ತಿರ.’ ಕಲ್ಲಿನ ಪಕ್ಕದಲ್ಲಿ ಎರಡು ಪತ್ರ ಬಿಚ್ಚಿಟ್ಟರು. ಒಂದು ನಮ್ಮದು, ಒಂದು ಗೆಳೆಯನ ಕಚೇರಿಯದು; ಅವರು ಅಲ್ಲಿಗೂ ಬರೆದಿದ್ದರು. ಅವರು ಆಡಿದ್ದು ಮರಾಠಿ. ನನ್ನ ಕಿವಿಗೆ ಅದು ನಮ್ಮೂರ ಮಾತಿನಂತೆಯೇ ಬಿದ್ದದ್ದರಿಂದ ಹಾಗೇ ಬರೆಯುತ್ತೇನೆ.

“ನಿಮ್ಮ ಸಾಹೇಬ್ರು ನಮ್ಮ ವಸ್ತಿಗಿ ಯಾವಾಗ ಬಂದಿದ್ರು?”

“ಬಾಯೀ, ಸಾಹೇಬ್ರ ಪ್ರವಾಸದ ವಿವರ...”

“ಅವರೂ ಕಣ್ಣಾರೆ ನೋಡ್ಯಾರಂತ, ಇವರೂ ಕಣ್ಣಾರೆ ನೋಡ್ಯಾರಂತ. ಒಂದಕ್ಷರ ಆ ಕಡಿ ಈ ಕಡಿ ಇಲ್ಲ. ಇಬ್ಬರೂ ಕೂಡೇ ಬಂದು ಒಂದೇ ಕಣ್ಣಲೇ ನೋಡಿದ್ರೇನು?”

ನನಗೆ ಸಿಟ್ಟು ಬಂತು, ಅದೂ ಅವರ ಮೇಲೆ. ಕದ್ದವನಿಗೇ ಮೊದಲು ಸಿಟ್ಟು ಬರುತ್ತದಲ್ಲ, ಹಾಗೆ. ಉಣ್ಣುವ ವೇಳೆ ಬದಲಿಸಿಕೊಳ್ಳಬಾರದೇ ಎಂದು ಗದರಿದೆ. ಅದಕ್ಕೂ ಇಲಾಖೆಗೆ ಬರೆದಿದ್ದೇನೆ, ವೇಳಾಪಟ್ಟಿ ಮೇಲಿನಿಂದ ಬಂದದ್ದು, ಬದಲಿಸಲಾಗದು ಎಂದಿದ್ದಾರೆ ಅಂದರು. ಆಮೇಲೆ ಚೀಲದಿಂದ ಒಂದು ಸ್ಟೀಲ್ ತಟ್ಟೆ ತೆಗೆದು ಕಲ್ಲಿನ ಪಕ್ಕ ಇಟ್ಟರು. ತಟ್ಟೆಯ ನಡುವೆ ಬಟ್ಟಲಿನಷ್ಟು ತಗ್ಗು ಬಿದ್ದಿತ್ತು.

“ಸೈರನ್ ಆದ ಕೂಡ್ಲೇ ತಟ್ಟಿ ತಲಿ ಮ್ಯಾಲ ಇಟ್ಕೋರಿ ಅಂತ ಮಕ್ಕಳಿಗಿ ಕಲಿಸೀನಿ. ಉಣ್ಣೋದು ಎಲ್ಲಾ ಮೈಮ್ಯಾಲ ಚೆಲ್ತದ, ಚೆಲ್ಲಲಿ. ಈ ತಟ್ಟಿ ಕೆಳಗ ಒಂದು ತಲಿ ಇತ್ರಿ.”

ಆ ಕೂಸು ಬದುಕಿತ್ತು. ಒಂದು ಕಿವಿ ಹರಿದಿತ್ತು, ಆ ಕಡೆಯಿಂದ ಕೇಳಿಸುತ್ತಿರಲಿಲ್ಲ. ನನಗೆ ಅಲ್ಲೇ ಮೈ ಉರಿಯಿತು. ಯಾರನ್ನಾದರೂ ಹೊಡೆಯಬೇಕೆನಿಸಿತು, ಸುತ್ತ ನೋಡಿದರೆ ಹೊಡೆಯಲು ತಕ್ಕವನು ನಾನೊಬ್ಬನೇ ಇದ್ದೆ.

ಅವರು ಹೋದ ಮೇಲೆ ಗೆಳೆಯನಿಗೆ ಫೋನು ಮಾಡಿ ಅರ್ಧ ಗಂಟೆ ಬೈದೆ. ಅವನೂ ಬೈದ. “ಮಸುದೆ ಕೊಟ್ಟಾಂವ ನೀನು, ಈಗ ನಂಗ್ಯಾಕ್ ಒದರ್ತಿ?” ಅಂದ. ಬೈಗುಳ ಮುಗಿದ ಮೇಲೆ ಇಬ್ಬರೂ ಒಂದು ಯೋಚನೆಗೆ ಬಂದೆವು. ತಿಂಗಳೊಳಗೆ ಸಂಭಾಜಿನಗರದಲ್ಲಿ ವಿರೋಧ ಪಕ್ಷಗಳ ಜಂಟಿ ಸಭೆಯಿತ್ತು. ಪತ್ರಿಕೆಯವರು, ಕ್ಯಾಮೆರಾದವರು ಎಲ್ಲರೂ ಬರುವವರು. ಬಾಯಿಯವರನ್ನು ಐದು ನಿಮಿಷ ವೇದಿಕೆಗೆ ಹತ್ತಿಸಿ ಕಲ್ಲುಗಳನ್ನು ತೋರಿಸುವುದು, ಎರಡೂ ಪಕ್ಷದ ನಾಯಕರು ಅಲ್ಲೇ ಒಂದೇ ಮನವಿಗೆ ಸಹಿ ಹಾಕುವುದು. ಮನವಿ ಎರಡೇ ಸಾಲು: ಹತ್ತರಿಂದ ಒಂದರವರೆಗೆ ಬ್ಲಾಸ್ಟಿಂಗ್ ಬೇಡ.

ಎರಡು ಸಾಲಿಗೆ ಹದಿನೆಂಟು ದಿನ ಹಿಡಿಯಿತು. ಯಾರ ಲೆಟರ್‌ಹೆಡ್ ಎಂಬುದು ಮೊದಲ ಜಗಳ. ಬಿಳಿ ಹಾಳೆಗೆ ಒಪ್ಪಿಸಿದೆವು. ಯಾರ ಸಹಿ ಎಡಕ್ಕೆ ಎಂಬುದು ಎರಡನೆಯದು. ಒಂದೇ ಎತ್ತರದಲ್ಲಿ ಎರಡು ಗೆರೆ ಎಳೆದು, ಸ್ಕೇಲಿಟ್ಟು ಅಳೆದು, ಫೋಟೋ ತೆಗೆದು ಎರಡೂ ಕಡೆ ಕಳಿಸಿದೆವು. ಆಮೇಲೆ ಈ ವಿಷಯ ಮೊದಲು ಎತ್ತಿದವರು ಯಾರು ಎಂಬ ತಕರಾರು. ಗೆಳೆಯನ ಪಕ್ಷದವರು ತಮ್ಮ ಉತ್ತರದ ತಾರೀಖು ನಮ್ಮದಕ್ಕಿಂತ ಒಂದು ದಿನ ಹಿಂದಿನದು, ಆದ್ದರಿಂದ ಹೋರಾಟ ತಮ್ಮದು ಎಂದರು. ಸುಳ್ಳು ಪತ್ರದ ತಾರೀಖು ಹಿಡಿದು ಸತ್ಯಕ್ಕೆ ಹಕ್ಕು ಕೇಳುತ್ತಿದ್ದರು. ನಮ್ಮವರು ಕಡಿಮೆಯೇ? ಆವಕ ರಜಿಸ್ಟರ್ ತೆಗೆಸಿ, ಪತ್ರ ಬಂದ ತಾರೀಖು ನಮ್ಮದೇ ಮೊದಲು ಎಂದು ತೋರಿಸಿದರು. ಇಷ್ಟರ ನಡುವೆ ಗಣಿಯ ಮಾಲಕನ ಹೆಸರು ಯಾರೂ ಎತ್ತಲಿಲ್ಲ. ಅವನು ಯಾವ ಪಕ್ಷದವನೂ ಅಲ್ಲ, ಎಲ್ಲ ಪಕ್ಷದವನೂ ಹೌದು.

ಸಭೆಯ ದಿನ ನಾಶಿಕದಿಂದ ಬಾಯಿಯವರನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಅಕ್ಕಿ ಚೀಲದಲ್ಲಿ ಇಪ್ಪತ್ಮೂರು ಕಲ್ಲು, ಒಂದೊಂದಕ್ಕೂ ತಾರೀಖು, ವೇಳೆ, ಬಿದ್ದ ಜಾಗ. ಸೀಟಿನ ಕೆಳಗಿಟ್ಟು ದಾರಿಯುದ್ದಕ್ಕೂ ಎರಡೂ ಪಾದಗಳಿಂದ ಒತ್ತಿ ಹಿಡಿದಿದ್ದರು. ಒಂದು ದಪ್ಪ ವಹಿಯಲ್ಲಿ ಆ ಇಪ್ಪತ್ಮೂರರ ಪಟ್ಟಿಯೂ ಇತ್ತು. ನನ್ನ ಆವಕ ರಜಿಸ್ಟರಿನಂತೆಯೇ ಗೆರೆ ಎಳೆದ ವಹಿ. ಅದನ್ನು ನೋಡಿ ನಾಚಿಕೆಯಾಗಿ ಕಿಟಕಿಯ ಹೊರಗೆ ನೋಡುತ್ತ ಕೂತೆ.

ಮಧ್ಯಾಹ್ನದ ಬಿಸಿಲು. ಶಾಮಿಯಾನದ ಕೆಳಗೆ ಎಡಕ್ಕೆ ಅವರ ಕಾರ್ಯಕರ್ತರು, ಬಲಕ್ಕೆ ನಮ್ಮವರು, ನಡುವೆ ಬಿದಿರಿನ ಗಳ. ಒಂದು ತಾಸು ಭಾಷಣಗಳು ಹೇಗೋ ನಡೆದವು. ಬಾಯಿಯವರ ಸರದಿ ಬಂದಾಗ ನಿರೂಪಕ, “ಈಗ ನಮ್ಮ ಪಕ್ಷದ ಧೀರ ಕಾರ್ಯಕರ್ತೆ” ಎಂದುಬಿಟ್ಟ. ಅವನು ಗೆಳೆಯನ ಪಕ್ಷದವನು. ಮೈಕಿನಲ್ಲಿ ಏನು ಹೇಳಬೇಕೆಂದು ನಾವಿಬ್ಬರೂ ಬರೆದುಕೊಟ್ಟ ಚೀಟಿಯಲ್ಲಿ ‘ಅಂಗನವಾಡಿ ಕಾರ್ಯಕರ್ತೆ’ ಎಂದಷ್ಟೇ ಇತ್ತು.

ನಮ್ಮ ಕಡೆಯಿಂದ ಒಬ್ಬ ವೇದಿಕೆಗೆ ನೆಗೆದು ಮೈಕು ಕಸಿದ. ಅವರ ಕಡೆಯವನು ಮೈಕಿನ ಕಂಬಿಯಿಂದಲೇ ಅವನ ಬಾಯಿಗೆ ಬಾರಿಸಿದ. ಹಲ್ಲು ಮುರಿದ ಸದ್ದು ಸ್ಪೀಕರಿನಲ್ಲಿ ಇಡೀ ಮೈದಾನಕ್ಕೆ ಕೇಳಿಸಿತು. ಬಿದಿರಿನ ಗಳ ಮುರಿಯಿತು. ಪ್ಲಾಸ್ಟಿಕ್ ಕುರ್ಚಿಗಳು ಹಾರಿದವು, ಆಮೇಲೆ ಅವುಗಳ ಕಾಲುಗಳಷ್ಟೇ ಹಾರಿದವು. ಬಿದ್ದವನ ಬೆನ್ನ ಮೇಲೆ ನಾಲ್ಕು ಜನ ನಿಂತು ತುಳಿಯುವುದನ್ನು ಕಂಡೆ. ಅವನ ಕೊರಳಲ್ಲಿದ್ದ ಶಾಲು ಯಾವ ಪಕ್ಷದ್ದೆಂದು ರಕ್ತದಲ್ಲಿ ತಿಳಿಯುತ್ತಿರಲಿಲ್ಲ. ನಾಯಕರಿಬ್ಬರೂ ಅಷ್ಟರಲ್ಲಿ ಹಿಂದಿನ ಮೆಟ್ಟಿಲಿಳಿದು ತಂತಮ್ಮ ಕಾರು ಸೇರಿದ್ದರು. ಆ ಒಂದು ಕೆಲಸವನ್ನು ಮಾತ್ರ ಕೂಡಿಯೇ ಮಾಡಿದರು.

ನಾನು ಬಾಯಿಯವರನ್ನು ಬಿಡಿಸಿ ತರಲು ಓಡಿದೆ. ದಾರಿಗೆ ಅಡ್ಡ ಬಂದವನೊಬ್ಬನ ತಲೆಗೆ ಕುರ್ಚಿ ಎತ್ತಿ ಹಾಕಿದೆ. ಅವನು ನನಗೆ ಏನೂ ಮಾಡಿರಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ: ಹೊಡೆದಾಗ ಹಾಯೆನಿಸಿತು. ಮೂರು ವರ್ಷ ‘ನಾವು ಕುರುಡರಲ್ಲ’ ಎಂದು ಟೈಪು ಮಾಡಿದ ಕೈ ಅದು, ಇನ್ನೊಂದು ಏಟು ಹಾಕು ಎನ್ನುತ್ತಿತ್ತು. ಹಾಕಿದೆ.

ಆಗಲೇ ಅಕ್ಕಿ ಚೀಲ ಹರಿಯಿತು. ಯಾರದೋ ಕೈ ಒಂದು ಕಲ್ಲು ಹೆಕ್ಕಿತು, ಇನ್ನೊಂದು ಕೈ ಇನ್ನೊಂದು. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ, ಬಾಯಿಯವರ ಒಂದು ವರ್ಷದ ಸಾಕ್ಷಿ ಹಾರಾಡತೊಡಗಿತು. ಅವರು ನೆಲದ ಮೇಲೆ ಮೊಳಕಾಲೂರಿ, ಉಳಿದ ಕಲ್ಲುಗಳನ್ನು ಎರಡೂ ತೋಳುಗಳಿಂದ ತಬ್ಬಿಕೊಂಡು ಚೀರುತ್ತಿದ್ದರು.

“ಒಗೀಬ್ಯಾಡ್ರೋ! ತಾರೀಖು ಅದ ಅದರ ಮ್ಯಾಲ! ಒಗೀಬ್ಯಾಡ್ರೋ!”

ಅದು ನನಗೆ ಕೇಳಿಸಿದ ಕೊನೆಯ ಮಾತು. ಎಡ ಹುಬ್ಬಿನ ಮೇಲೆ ಏನೋ ಬಡಿಯಿತು, ಬಿಸಿನೀರು ಸುರಿದಂತಾಯಿತು.

ಆಸ್ಪತ್ರೆಯಲ್ಲಿ ಎಚ್ಚರವಾದಾಗ ಮರುದಿನದ ಬೆಳಗು. ಹುಬ್ಬಿಗೆ ಒಂಬತ್ತು ಹೊಲಿಗೆ, ಎಡಗಣ್ಣು ಮುಚ್ಚಿಕೊಂಡಿತ್ತು. ನಮ್ಮ ಪಕ್ಷದ ಒಬ್ಬ ಕಾರ್ಯದರ್ಶಿ ಬಂದು, ಟೈಪು ಮಾಡಿದ ಹೇಳಿಕೆಯನ್ನು ಹಾಸಿಗೆಯ ಮೇಲಿಟ್ಟು, ಪೊಲೀಸರು ಬಂದಾಗ ಹೀಗೇ ಹೇಳಬೇಕು ಎಂದು ಹೋದ. ಅವನು ಹೋದ ಸ್ವಲ್ಪ ಹೊತ್ತಿಗೆ ಗೆಳೆಯ ಬಂದ. ಅವನ ಬಲಗೈ ಮುರಿದು ಕೊರಳಿಗೆ ಜೋತಿತ್ತು. ಎಡಗೈಯಲ್ಲಿ ಅವನ ಪಕ್ಷದವರು ಕೊಟ್ಟ ಹೇಳಿಕೆ.

“ಓದು,” ಅಂದೆ, “ನಂಗ ಒಂದೇ ಕಣ್ಣದ.”

ಎರಡನ್ನೂ ಓದಿದ. ಆಡಳಿತ ಪಕ್ಷದ ಗೂಂಡಾಗಳು ಲಾರಿಯಲ್ಲಿ ಕಲ್ಲು ತುಂಬಿಕೊಂಡು ಬಂದರಂತೆ. ಪ್ರಾಣದ ಹಂಗು ತೊರೆದು ಆ ಮಹಿಳೆಯನ್ನು ನಾಯಕರೇ ಕಾಪಾಡಿದರಂತೆ. ಯಾವ ನಾಯಕರು ಎಂಬುದೊಂದೇ ಎರಡರ ನಡುವಿನ ವ್ಯತ್ಯಾಸ.

ಗೆಳೆಯ ನಗಲು ಹೋಗಿ ನೋವಿಗೆ ಮುಖ ಕಿವುಚಿದ. “ನಮ್ಮ ಮಸುದೆ ನಮಗೇ ತಿರುಗಿ ಬಂತಲ್ಲೋ.”

“ಸಹಿ ಮಾಡ್ತೀಯೇನು?”

“ಮಾಡ್ಲಿಲ್ಲಂದ್ರ ನೌಕರಿ ಹೋಗ್ತದ. ನಂಗ ಎರಡು ಮಕ್ಕಳವ.”

“ಬಾಯಿಯವ್ರ ಹತ್ರ ಇಪ್ಪತ್ತು ಅವ. ಕಲ್ಲು ಲಾರಿಯಾಗ ಬಂತು ಅಂದ್ರ ಆ ವಹಿ ಯಾವ ಮೂಲಿಗಿ ಹತ್ತೀತು? ಆ ಬಾಯಿ ಬರ್ದಿದ್ದೆಲ್ಲ ಸುಳ್ಳಾಗ್ತದ.”

“ಖರೆ ಹೇಳಿದ್ರ ನೀನೂ ಕುರ್ಚಿಲೆ ಹೊಡದಿದ್ದು ಹೇಳಬೇಕಾಗ್ತದ. ನಾ ನೋಡೀನಿ.”

“ಅದನ್ನೂ ಹೇಳ್ತೀನಿ.”

ಅವನು ಎರಡೂ ಹೇಳಿಕೆಗಳನ್ನು ಮತ್ತೊಮ್ಮೆ ತಿರುವಿ ನೋಡಿದ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ನಾವಿಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣಬೇಕಾಗಿತ್ತು. ಕೊನೆಗೆ ಎದ್ದು, ಮುರಿಯದ ಕೈಯಿಂದಲೇ ಎರಡೂ ಹೇಳಿಕೆಗಳನ್ನು ಮಡಚಿ ಕಸದ ಬುಟ್ಟಿಗೆ ಹಾಕಿದ.

ಮಧ್ಯಾಹ್ನ ಫೌಜದಾರರು ಬಂದರು. ಅವರ ಹಿಂದೆ ಒಬ್ಬ ಕಾನ್‌ಸ್ಟೇಬಲ್, ಅವನ ಕೈಯಲ್ಲಿ ಪಾರದರ್ಶಕ ಚೀಲ. ಒಳಗೆ ನನ್ನ ಹುಬ್ಬು ಒಡೆದ ಕಲ್ಲು. ಚೀಲದ ಕೊರಳಿಗೆ ದಾರ, ದಾರಕ್ಕೆ ಚೀಟಿ, ಚೀಟಿಯಲ್ಲಿ ಮುದ್ದೆಮಾಲಿನ, ಅಂದರೆ ಜಪ್ತಿ ಮಾಡಿದ ಸಾಕ್ಷಿಯ, ನಂಬರು. ಯಾವ ಕಚೇರಿಯೂ ತನ್ನ ರಜಿಸ್ಟರಿನಲ್ಲಿ ಏರಿಸಿಕೊಳ್ಳದ ಕಲ್ಲಿಗೆ ಕಡೆಗೂ ಒಂದು ಸರ್ಕಾರಿ ನಂಬರು ಸಿಕ್ಕಿತ್ತು, ಅದೂ ನನ್ನ ರಕ್ತ ಹಚ್ಚಿಕೊಂಡ ಮೇಲೆ.

“ಈ ಕಲ್ಲು ಎಲ್ಲಿಂದ ಬಂತು?” ಫೌಜದಾರರು ಪೆನ್ನು ತೆರೆದರು.

“ಮೊದಲು ಅದರ ಮೇಲೆ ಏನು ಬರೆದಿದೆ, ಓದಿರಿ ಸಾಹೇಬ್ರೇ.”

ಅವರು ಚೀಲ ತಿರುಗಿಸಿ ಓದಿದರು. ಶುಕ್ರವಾರ, ಹನ್ನೊಂದು ಗಂಟೆ, ತೊಟ್ಟಿಲ ಹತ್ತಿರ.

“ಹಂಗೇ ಬರಕೋರಿ. ಅವತ್ತು ಅದು ತಗಡು ತೂರಿ ಅಂಗನವಾಡಿ ಒಳಗೆ ಬಿತ್ತು. ನಿನ್ನೆ ನನ್ನ ತಲೆ ಮೇಲೆ ಬಿತ್ತು.”

“ಇದು ಗಲಭೆಯ ಕೇಸು. ಅಂಗನವಾಡಿಗೂ ಇದಕ್ಕೂ ಏನು ಸಂಬಂಧ?”

“ಕಲ್ಲು ಎಲ್ಲಿಂದ ಬಂತು ಅಂತ ಕೇಳಿದೋರು ನೀವು. ಕೇಳಿದ ಮೇಲೆ ಬರಕೊಳ್ಳಬೇಕಲ್ಲ.”

ಬರೆದುಕೊಂಡರು. ವೇದಿಕೆ ಹತ್ತಿದವರ ಹೆಸರು, ಮೈಕು ಕಸಿದವನ ಹೆಸರು, ನಾನು ಎತ್ತಿದ ಕುರ್ಚಿ, ಎರಡು ಏಟು, ಎಲ್ಲವನ್ನೂ ಸಾಲಾಗಿ ಹೇಳಿದೆ. ಮೂರು ಪುಟವಾಯಿತು. ಅಷ್ಟೂ ವರ್ಷ ಸಾವಿರಾರು ಕಾಗದ ಬರೆದಿದ್ದೆ. ನನ್ನ ಸ್ವಂತ ಸಹಿ ಬಿದ್ದದ್ದು ಆ ಮೂರು ಪುಟಕ್ಕೆ ಮಾತ್ರ. ಗೆಳೆಯ ಎಡಗೈಯಿಂದ ಸೊಟ್ಟಗೆ ಸಾಕ್ಷಿಯ ಸಹಿ ಹಾಕಿದ. ಠಾಣೆಯಲ್ಲಿ ಬಾಯಿಯವರು ತಮ್ಮ ವಹಿ ಬಿಚ್ಚಿ, ಮೈದಾನದಲ್ಲಿ ಸಿಕ್ಕ ಕಲ್ಲುಗಳನ್ನು ಒಂದೊಂದಾಗಿ ಪಟ್ಟಿಗೆ ತಾಳೆ ಹಾಕಿ ಕೊಟ್ಟರು. ಇಪ್ಪತ್ಮೂರರಲ್ಲಿ ಹದಿನೇಳು ಸಿಕ್ಕಿದ್ದವು. ಅವುಗಳಲ್ಲಿ ಐದಕ್ಕೆ ರಕ್ತವಿತ್ತು.

ಆ ವಾರವೇ ಇಬ್ಬರ ನೌಕರಿಯೂ ಹೋಯಿತು. ನನ್ನ ಮೇಲೆ ಕೇಸು ದಾಖಲಾಯಿತು. ತಪ್ಪು ಮಾಡಿದ್ದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ನಾನು ಹೊಡೆದ ಮನುಷ್ಯನನ್ನು ಆಸ್ಪತ್ರೆಯಲ್ಲಿ ನೋಡಲು ಹೋದೆ. ಅವನು ಮುಖ ಆ ಕಡೆ ತಿರುಗಿಸಿದ, ನಾನು ಬಾಗಿಲಿಂದಲೇ ಮರಳಿದೆ.

ಮುದ್ದೆಮಾಲಿನ ಮೂಲ ಖಾತ್ರಿ ಮಾಡಿಕೊಳ್ಳಲು ಸಂಭಾಜಿನಗರದ ಠಾಣೆಯಿಂದ ಸಟಾಣಾ ಕಡೆಗೆ ಕಾಗದ ಹೋಯಿತು. ಈ ಕಾಗದಕ್ಕೆ ಒಂದು, ಎರಡು, ಮೂರು ಎಂದು ಬರೆದು ಕೈ ತೊಳೆದುಕೊಳ್ಳಲು ಬರುವಂತಿರಲಿಲ್ಲ. ಪಂಚನಾಮೆಗೆಂದು ಇಬ್ಬರು ಪೊಲೀಸರು, ತಹಸೀಲ್ದಾರ ಕಚೇರಿಯ ಒಬ್ಬರು ಅಂಗನವಾಡಿಗೆ ಹೋಗಿ ತಗಡಿನ ತೂತುಗಳನ್ನು ಎಣಿಸುತ್ತಿದ್ದಾಗಲೇ ಹನ್ನೊಂದು ಹೊಡೆಯಿತಂತೆ. ಸೈರನ್ ಕೂಗಿತು, ಮಕ್ಕಳು ತಟ್ಟೆ ಎತ್ತಿದವು, ಗುಡ್ಡ ಸಿಡಿಯಿತು. ಪೊಲೀಸ್ ಜೀಪಿನ ಮುಂದಿನ ಗಾಜು ಪುಡಿಯಾಯಿತು. ಅಂಗೈ ಹುಣ್ಣಿಗೆ ಇನ್ನು ಕನ್ನಡಿ ಬೇಕಾಗಲಿಲ್ಲ. ಹತ್ತೇ ದಿನದಲ್ಲಿ ಆದೇಶ ಬಂತು: ಹತ್ತರಿಂದ ಒಂದರವರೆಗೆ ಬ್ಲಾಸ್ಟಿಂಗ್ ಇಲ್ಲ. ಗಣಿ ಈಗಲೂ ನಡೆಯುತ್ತಿದೆ, ಮದ್ದು ಎರಡು ಗಂಟೆಗೆ ಹಾರುತ್ತದೆ. ಅಷ್ಟೊತ್ತಿಗೆ ಮಕ್ಕಳು ಮನೆಯಲ್ಲಿರುತ್ತವೆ.

ಆದೇಶ ಬಂದ ಎರಡು ವಾರಕ್ಕೆ ಬಾಯಿಯವರು ನಮ್ಮಿಬ್ಬರನ್ನೂ ಊಟಕ್ಕೆ ಕರೆದರು. ನಾನೂ ಗೆಳೆಯನೂ ಹೋದೆವು. ತಗಡಿನ ತೂತುಗಳಿಂದ ಬಿಸಿಲಿನ ಚುಕ್ಕೆಗಳು ನೆಲದ ಮೇಲೆ ಬಿದ್ದಿದ್ದವು. ಮಕ್ಕಳು ಸಾಲಾಗಿ ಕೂತು ಬಿಸಿ ಖಿಚಡಿ ಊದಿಕೊಂಡು ಉಣ್ಣುತ್ತಿದ್ದವು. ಕಿವಿ ಹರಿದ ಕೂಸು ಒಳ್ಳೆಯ ಕಿವಿಯನ್ನು ಬಾಗಿಲ ಕಡೆಗೆ ಮಾಡಿಕೊಂಡು ಕೂತಿತ್ತು. ಗಡಿಯಾರ ಹನ್ನೊಂದು ದಾಟಿತು. ಏನೂ ಆಗಲಿಲ್ಲ. ಬಾಯಿಯವರು ನನ್ನ ಹುಬ್ಬಿನ ಗಾಯ ನೋಡಿ, “ಚಂದ ಕಾಣಸ್ತದ ಬಿಡ್ರಿ, ತಾರೀಖು ಒಂದು ಬರಿಯೋದು ಉಳದದ” ಎಂದು ಚೇಷ್ಟೆ ಮಾಡಿದರು. ಬಹಳ ದಿನದ ಮೇಲೆ ನನಗೆ ಸಂತೋಷವಾಯಿತು.

ಅಷ್ಟರಲ್ಲಿ ರಸ್ತೆಯಲ್ಲಿ ಧೂಳೆದ್ದಿತು. ಎರಡು ದಿಕ್ಕಿನಿಂದ ಎರಡು ಜೀಪು, ಎರಡರ ಮೇಲೂ ಧ್ವನಿವರ್ಧಕದ ಭೋಂಗಾ. ಒಂದರಲ್ಲಿ ನಮ್ಮ ಸಾಹೇಬರ ಫೋಟೋ, ಇನ್ನೊಂದರಲ್ಲಿ ಗೆಳೆಯನ ನಾಯಕರದು. ಎರಡರ ಮೇಲೂ ‘ನಮ್ಮ ಹೋರಾಟಕ್ಕೆ ಜಯ’ ಎಂಬ ಒಂದೇ ಸಾಲು. ಹಾರ ಹಾಕಿಕೊಂಡ ಇಬ್ಬರು ಕಾರ್ಯದರ್ಶಿಗಳು ಅಭಿನಂದನಾ ಪತ್ರ ಹಿಡಿದು, ಬಾಗಿಲಿಗೆ ತಾನು ಮೊದಲು ತಲುಪಬೇಕೆಂದು ಒಬ್ಬರನ್ನೊಬ್ಬರು ಮೊಳಕೈಯಿಂದ ತಿವಿಯುತ್ತ ಓಡಿಬರುತ್ತಿದ್ದರು. ಹಿಂದೆ ಯಾರೋ ಮೈಕು ಚಾಲು ಮಾಡಿದ. ಭೋಂಗಾ ಕುಂಯ್ ಎಂದು ಸೈರನ್ನಿನಂತೆ ಉದ್ದಕ್ಕೆ ಕೂಗಿತು.

ಇಪ್ಪತ್ತು ಮಕ್ಕಳೂ ಒಂದೇ ಸಲ ತಟ್ಟೆಗಳನ್ನು ತಲೆಯ ಮೇಲೆ ಕವುಚಿಕೊಂಡವು. ಬಿಸಿ ಖಿಚಡಿ ಕೂದಲಿನಿಂದ ಹಣೆಗೆ, ಹಣೆಯಿಂದ ಕಣ್ಣಿಗೆ ಇಳಿಯಿತು. ಒಂದು ಕೂಸೂ ಅಳಲಿಲ್ಲ. ಅಳಬಾರದೆಂಬುದನ್ನೂ ಅವು ಕಲಿತಿದ್ದವು. ಕಾರ್ಯದರ್ಶಿಗಳಿಬ್ಬರೂ ಪತ್ರ ಚಾಚಿದ ಕೈಗಳಲ್ಲೇ ಹೊಸ್ತಿಲಲ್ಲಿ ನಿಂತುಬಿಟ್ಟರು.

ಬಾಯಿಯವರು ಅವರತ್ತ ನೋಡಲಿಲ್ಲ. ಸೆರಗಿನಿಂದ ಒಂದೊಂದೇ ಮುಖ ಒರೆಸುತ್ತ ಸಾಲಿನುದ್ದಕ್ಕೂ ನಡೆದರು.

“ಇಳಸ್ರಿ ಮಕ್ಳಾ, ತಟ್ಟಿ ಇಳಸ್ರಿ. ಕಲ್ಲಲ್ಲ. ನಾಯಕ್ರ ಮಂದಿ ಬಂದಾರ.”

ಯಾರೂ ಇಳಿಸಲಿಲ್ಲ.